ಹನ್ನೆರಡು ಕೋಲಿನ ಘನ ಮೀಟರ್

ಒಂದು ಮೀಟರಿಗೆ 100 ಸೆಂಟಿಮೀಟರ್. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಇದು ಬಾಯಿಪಾಠ. ಹಾಗಾದರೆ ಒಂದು ಚದರ ಮೀಟರಿಗೆ ಎಷ್ಟು ಚದರ ಸೆಂಟಿಮೀಟರ್ ಅಂತ ಕಿರುಪರೀಕ್ಷೆಯಲ್ಲಿ ಕೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು 100 ಅಂತಲೇ ಬರೆದಿದ್ದರು. ಚೆನ್ನಾಗಿ ಓದುವವರೂ ಹಾಗೇ ಬರೆದಿದ್ದು ನೋಡಿ, ಕೊರತೆ ಪಾಠದಲ್ಲೇ ಇದೆ ಅಂತ ಗೊತ್ತಾಯಿತು. ಕಿಲೋ, ಹೆಕ್ಟೋ, ಡೆಕಾ ಅಂತ ಕೋಷ್ಟಕ ಹೇಳಿಕೊಟ್ಟಿದ್ದೆ. ಆ ಅಳತೆಗಳನ್ನು ಕಣ್ಣಿಗೆ ತೋರಿಸಿರಲಿಲ್ಲ.

ಮಾರನೇ ದಿನ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದೆವು. ಗ್ರಾಫ್ ಹಾಳೆಯಿಂದ ಒಂದು ಚದರ ಸೆಂಟಿಮೀಟರ್ ತುಂಡು ಕತ್ತರಿಸಿ ಅದರ ಮೂಲೆಯಲ್ಲಿಟ್ಟೆ. ಉಗುರಿನಷ್ಟು ಚಿಕ್ಕದು. "ಇಂಥವು 100 ಇದ್ರೆ ಚೌಕ ತುಂಬುತ್ತಾ?" ಅಂದೆ. ಒಬ್ಬ ಹುಡುಗಿ ಗೆರೆಯ ಪಕ್ಕ ಕೂತು ಬೆರಳಲ್ಲಿ ಅಳೆಯತೊಡಗಿದಳು. "ಇಲ್ಲ ಸರ್, 100 ಈ ಒಂದು ಸಾಲಿಗೇ ಮುಗಿದು ಹೋಗುತ್ತೆ. ಇಂಥ ಸಾಲು ಇನ್ನೂ 99 ಬೇಕು." ಉತ್ತರ 10,000 ಅಂತ ನಾನು ಹೇಳಬೇಕಾಗಲೇ ಇಲ್ಲ.

ಆಮೇಲೆ ಘನ ಮೀಟರ್. ತಲಾ ಒಂದು ಮೀಟರ್ ಉದ್ದದ 12 ಬಿದಿರು ಕೋಲು ತಂದು, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೂಲೆಗಳನ್ನು ಬಿಗಿದೆವು. ಮೊದಲ ಸಲ ವಾಲಿ ಬಿತ್ತು. ಎರಡು ಪಕ್ಕಕ್ಕೆ ಅಡ್ಡ ದಾರ ಎಳೆದು ಕಟ್ಟಿದ ಮೇಲೆ ನಿಂತಿತು. ನಾಲ್ಕು ಮಕ್ಕಳು ಒಳಗೆ ಹೋಗಿ ಮಂಡಿ ಮಡಚಿ ಕೂತರು. ಇದರೊಳಗೆ ಎಷ್ಟು ಲೀಟರ್ ನೀರು ಹಿಡಿಯುತ್ತೆ ಅಂತ ಕೇಳಿದರೆ, ಒಬ್ಬ 100 ಅಂದ, ಇನ್ನೊಬ್ಬ 200 ಅಂದ.

ರಟ್ಟಿನಲ್ಲಿ 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿ ಮಾಡಿ, ಒಳಗೆ ಪ್ಲಾಸ್ಟಿಕ್ ಕವರ್ ಹಾಕಿ, ಒಂದು ಲೀಟರ್ ನೀರು ಸುರಿದೆ. ಸರಿಯಾಗಿ ಅಂಚಿನವರೆಗೆ ಬಂತು. ಇಂಥ ಡಬ್ಬಿ ಉದ್ದಕ್ಕೆ 10, ಅಗಲಕ್ಕೆ 10, ಎತ್ತರಕ್ಕೆ 10. ಒಟ್ಟು 1,000 ಲೀಟರ್. ಒಬ್ಬ ಹುಡುಗ ತಲೆಯೆತ್ತಿ ಶಾಲೆಯ ಮೇಲಿನ ಕಪ್ಪು ಟ್ಯಾಂಕ್ ನೋಡಿದ. ಅದರ ಮೇಲೂ 1,000 ಲೀಟರ್ ಅಂತಲೇ ಬರೆದಿತ್ತು.

ಸಾಂದ್ರತೆಯ ಪಾಠಕ್ಕೆ ಇದು ತುಂಬಾ ನೆರವಾಯಿತು. ನೀರಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1 ಗ್ರಾಂ, ಒಂದು ಘನ ಮೀಟರಿಗೆ 1,000 ಕಿಲೋಗ್ರಾಂ. ಎರಡನೆಯದು ಯಾವುದೋ ಭಾರವಾದ ನೀರು ಅನ್ನೋ ಹಾಗೆ ಮಕ್ಕಳು ನೋಡುತ್ತಿದ್ದರು. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ, ಅಲ್ವಾ? ಅಂದ ಮೇಲೆ ಕೋಲಿನ ಪೆಟ್ಟಿಗೆ ತುಂಬಿದರೆ ಒಂದು ಟನ್. ನೀರು ಅದೇ, ಅಳೆಯುವ ಪಾತ್ರೆ ಮಾತ್ರ ಬೇರೆ.

ಹಳ್ಳಿ ಮಕ್ಕಳಿಗೆ ಗುಂಟೆ ಚೆನ್ನಾಗಿ ಗೊತ್ತು. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ, ಆದರೂ ಹೊಲದ ಮಾತು ಇವತ್ತಿಗೂ ಎಕರೆ, ಗುಂಟೆಯಲ್ಲೇ. ಅದನ್ನು ಬಿಡಿಸಬೇಕು ಅಂತ ನನಗೆ ಅನ್ನಿಸುವುದಿಲ್ಲ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ನಾವು ಸುಣ್ಣದಲ್ಲಿ ಬರೆದ ಚೌಕದಂಥವು ನೂರಾ ಒಂದು ಅಂದರೆ ಸಾಕು, ಮಕ್ಕಳಿಗೆ ಅಂದಾಜು ಸಿಗುತ್ತದೆ.

ಜೂನ್ ಕೊನೆಗೆ ಒಂದು ರಾತ್ರಿ ಜೋರು ಮಳೆ. 20 ಮಿಲಿಮೀಟರ್ ಅಂತ ಲೆಕ್ಕ ಸಿಕ್ಕಿತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಎಷ್ಟು ಅಂತ ಕೇಳಿದೆ. 100 ಗುಣಿಸು 100 ಗುಣಿಸು 0.1, ಅಂದರೆ 1,000 ಘನ ಸೆಂಟಿಮೀಟರ್. ಸರಿಯಾಗಿ ಒಂದು ಲೀಟರ್. ನಮ್ಮ ಕ್ಲಾಸಿನ ಚಾವಣಿ 8 ಮೀಟರ್ ಉದ್ದ, 6 ಮೀಟರ್ ಅಗಲ. ಮಕ್ಕಳೇ ಲೆಕ್ಕ ಹಾಕಿದರು: 960 ಲೀಟರ್. ಹಿಂದಿನ ಬೆಂಚಿನ ಹುಡುಗ ಮೂಲೆಯಲ್ಲಿದ್ದ ಬಿದಿರಿನ ಪೆಟ್ಟಿಗೆ ಕಡೆ ಕೈ ತೋರಿಸಿ ಹೇಳಿದ: "ಸರ್, ಇನ್ನು 40 ಲೀಟರ್ ಬಂದಿದ್ರೆ ಅದು ತುಂಬಿಬಿಡ್ತಿತ್ತು."