ಎಸರಿಗೂ ಮಳೆ ನೀರೇ

2023ರ ಗೌರಿ ಹಬ್ಬದ ಹೊತ್ತಿಗೆ ಮಗಳಿಗೆ ಮೇಲಿನ ಎರಡು ಮುಂದಿನ ಹಲ್ಲು ಪೂರ್ತಿ ಬಂದಿದ್ದವು. ಹಾಲುಹಲ್ಲಲ್ಲ, ಅಸಲಿ ಹಲ್ಲು. ಮೊಬೈಲ್ ಟಾರ್ಚ್ ಹಾಕಿ ಎರಡೆರಡು ಸಲ ನೋಡಿದೆ. ಒಂದು ಕಲೆ ಇಲ್ಲ. ಅವಳಣ್ಣನಿಗೆ ಆಗ ಹದಿನೈದು. ಅವನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ಡಿಕಾಕ್ಷನ್ ಚೆಲ್ಲಿ ಸರಿಯಾಗಿ ಒರೆಸದೆ ಬಿಟ್ಟ ಹಾಗೆ. ಫೋಟೋ ಅಂದರೆ ತುಟಿ ಬಿಗಿ ಹಿಡಿಯುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಮುದ್ದೆ ಸಾರು ತಿಂದವರು. ಬದಲಾದದ್ದು ನೀರು ಮಾತ್ರ: ಅವನು ಬೆಳೆದದ್ದು ಬೋರಿನ ನೀರಲ್ಲಿ, ಇವಳು ತಾರಸಿಯಿಂದ ತೊಟ್ಟಿಗೆ ಹಿಡಿದ ಮಳೆ ನೀರಲ್ಲಿ. ತೊಟ್ಟಿ ಕಟ್ಟಿಸುವಾಗ ನನ್ನನ್ನು ನೋಡಿ ನಕ್ಕವರೇ ಈಗ ಅದನ್ನು ಹೇಗೆ ಮಾಡಿದೆ ಅಂತ ಬಂದು ಕೇಳುತ್ತಿದ್ದಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ಹಾಸನ ಜಿಲ್ಲೆಯ ನಮ್ಮ ಅರಸೀಕೆರೆ ಸೀಮೆಯವರಿಗೆ ಫ್ಲೋರೈಡ್ ಅಂದರೇನು ಅಂತ ಪಾಠ ಬೇಡ. ಬೇರೆಯವರಿಗೆ ಹೇಳುವುದಾದರೆ, ನೆಲದಾಳದ ಕಲ್ಲಿನಿಂದ ನೀರಿಗೆ ಬೆರೆಯುವ ಲವಣ, ಹೆಚ್ಚಾದರೆ ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಕ್ಷೇಮ, ಬೇರೆ ಗತಿಯೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ಬೋರಿನ ನೀರು 2014ರಲ್ಲಿ ಪರೀಕ್ಷೆಗೆ ಕೊಟ್ಟಾಗ 3.2 ಅಂತ ಬಂದ ನೆನಪು. ಅವ್ವನಿಗೆ ಅಷ್ಟೊತ್ತಿಗಾಗಲೇ ಕತ್ತು ತಿರುಗುತ್ತಿರಲಿಲ್ಲ. ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ವಾಯು ಅಂದುಕೊಂಡು ಹತ್ತು ವರ್ಷ ಎಣ್ಣೆ ತಿಕ್ಕಿದ್ದೆವು. ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದು ಊರು ಯಾವುದು, ಆಮೇಲೆ ಕೇಳಿದ್ದು ಬೋರು ಎಷ್ಟು ಅಡಿ. 600 ದಾಟಿದೆ ಅಂದೆ. ಮಾತ್ರೆ ಬರೆಯಲಿಲ್ಲ. "ನೀರು ಬದಲಾಯಿಸಿ" ಅಂದರು.

ನೀರು ಬದಲಾಯಿಸುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು, ದುಡ್ಡೂ ಹಾಗೇ ಹೋಯಿತು.

ಮೊದಲು ಕಾಯಿಸಿ ಕುಡಿದೆವು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹಾಗೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನೋದು ಆರು ತಿಂಗಳ ಮೇಲೆ ತಿಳಿಯಿತು. ಆಮೇಲೆ ಕ್ಯಾಂಡಲ್ ಫಿಲ್ಟರು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 2015ರಲ್ಲಿ ಕೊಬ್ಬರಿ ಮಾರಿದ ದುಡ್ಡಲ್ಲಿ ಹದಿನಾಲ್ಕೂವರೆ ಸಾವಿರ ಕೊಟ್ಟು ಆರ್‌ಓ ಹಾಕಿಸಿದೆ. ಸುಳ್ಳು ಹೇಳಬಾರದು, ಫ್ಲೋರೈಡ್ ಇಳಿಯಿತು. ಆದರೆ ನಮ್ಮ ಗಡಸು ನೀರಿಗೆ ಅದರ ಮೆಂಬ್ರೇನ್, ಅಂದರೆ ಸೋಸುವ ಪೊರೆ, ಎಂಟು ತಿಂಗಳಲ್ಲಿ ಕಟ್ಟಿಕೊಂಡಿತು. ಒಂದು ಬಿಂದಿಗೆ ಒಳ್ಳೆ ನೀರಿಗೆ ಮೂರು ಬಿಂದಿಗೆ ಹೊರಗೆ ಹೋಗುತ್ತಿತ್ತು. ಆ ನೀರು ಬಿಟ್ಟ ಕರಿಬೇವಿನ ಗಿಡ ಎಲೆ ಅಂಚೆಲ್ಲ ಸುಟ್ಟುಕೊಂಡು ನಿಂತಿತು. ರಿಪೇರಿಯವನು ಬಂದಾಗಲೆಲ್ಲ ಎರಡೂವರೆ ಸಾವಿರ. ಮೂರನೇ ಸಲ ಅವನು ಬರುವುದನ್ನೇ ಬಿಟ್ಟ. ಊರಿನ ಶುದ್ಧ ನೀರಿನ ಘಟಕದ ಕಥೆ ಬೇರೆ ಹೇಳಬೇಕಾಗಿಲ್ಲ. ನಾಣ್ಯ ಹಾಕಿದರೆ ಕೆಲವು ದಿನ ನೀರು ಬರುತ್ತಿತ್ತು, ಕೆಲವು ದಿನ ನಾಣ್ಯವೂ ವಾಪಸ್ ಬರುತ್ತಿರಲಿಲ್ಲ.

ಪಟಿಕ, ಸುಣ್ಣ ಹಾಕಿ ಕಲಕಿ ತಿಳಿ ಬಿಡುವ ನಲ್ಗೊಂಡ ಪದ್ಧತಿಯನ್ನೂ ಮಾಡಿದೆ. ನಾಗಪುರದ ನೀರಿ (NEERI) ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದದ್ದು. ಕೆಲಸ ಮಾಡುತ್ತದೆ. ಆದರೆ ನಮ್ಮ ನೀರಿಗೆ ಪಟಿಕ ಸುರಿದಷ್ಟೂ ಸಾಲದು. ದಿನಾ ಬೆಳಿಗ್ಗೆ ಅಳತೆ ಹಾಕಿ ಕಲಕುವವರು ಯಾರು, ತಳದಲ್ಲಿ ನಿಂತ ಬಿಳಿ ಗಸಿ ಎಲ್ಲಿ ಸುರಿಯೋದು? ಇಪ್ಪತ್ತೆರಡನೇ ದಿನಕ್ಕೆ ಮನೆಯವಳು ಬಕೆಟ್ ತೊಳೆದು ಬೋರಲು ಹಾಕಿದಳು. ಫ್ಲೋರೈಡ್ ಹೀರಿಕೊಳ್ಳುವ ಅಲ್ಯೂಮಿನಾ ಕಾಳು ತುಂಬಿದ ಫಿಲ್ಟರಿಗೆ ಆರು ಸಾವಿರ ಹೋಯಿತು. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಅದನ್ನು ಕಾಸ್ಟಿಕ್ ಸೋಡಾದಲ್ಲಿ, ಆಮೇಲೆ ಆಸಿಡ್‌ನಲ್ಲಿ ತೊಳೆಯಬೇಕು ಅಂದಾಗ, ಮಗು ಓಡಾಡುವ ಮನೆಯಲ್ಲಿ ಬೇಡ ಅಂತ ಅಟ್ಟಕ್ಕೆ ಹಾಕಿದೆ. ಇವತ್ತಿಗೂ ಅಲ್ಲೇ ಇದೆ.

ಮಧ್ಯೆ ನನ್ನ ತಲೆಹರಟೆಗಳೂ ನಡೆದವು. ನುಗ್ಗೆ ಬೀಜ ಅರೆದು ಹಾಕಿದರೆ ಕದಡಿದ ನೀರು ತಿಳಿಯಾಗುತ್ತದೆ, ಫ್ಲೋರೈಡ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ನನ್ನ ಕಿಟ್‌ನಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಹಳೇ ಹೆಂಚು ಕುಟ್ಟಿ, ಆ ಚೂರನ್ನು ಮಡಕೆಗೆ ತುಂಬಿ ನೀರು ಸೋಸಿದೆ. ಇದು ಮಜವಾಗಿತ್ತು, ಮೊದಲ ಎರಡು ಮೂರು ವಾರ ಬಣ್ಣ ನಿಜವಾಗಿಯೂ ಬದಲಾಯಿತು, ಆಮೇಲೆ ಸತ್ತುಹೋಯಿತು. ಇಪ್ಪತ್ತು ದಿನಕ್ಕೊಮ್ಮೆ ಹೆಂಚು ಕುಟ್ಟಿಕೊಂಡು ಕೂತರೆ ತೋಟ ನೋಡೋರು ಯಾರು?

ಆಗ ಹೊಳೆದದ್ದು ಇಷ್ಟು: ಇರುವ ವಿಷ ತೆಗೆಯೋದಕ್ಕೆ ಇಷ್ಟೆಲ್ಲ ಒದ್ದಾಡುವ ಬದಲು, ವಿಷವೇ ಇಲ್ಲದ ನೀರು ತಾರಸಿ ಮೇಲೆ ಬಿದ್ದು ಚರಂಡಿಗೆ ಹೋಗುತ್ತಿದೆಯಲ್ಲ.

ತೊಟ್ಟಿಗೆ ಗುಂಡಿ ತೋಡಿಸುವಾಗ ನನ್ನ ಭಾಮೈದ ಬಂದಿದ್ದ. "ಏನ್ ಭಾವ, ಬೋರು ಕೊರ್ಸೋ ದುಡ್ಡಲ್ಲಿ ಗುಂಡಿ ತೋಡ್ಸ್ತಾ ಇದೀರಲ್ಲ" ಅಂದ. ಪಕ್ಕದ ಮನೆ ದೊಡ್ಡಪ್ಪ, "ಮಳೆ ನೀರು ಕುಡುದ್ರೆ ವರ್ಷಾ ಪೂರ್ತಿ ನೆಗ್ಡಿ ಕಣ್ಲಾ" ಅಂದರು. ಅವ್ವ ಮಾತ್ರ, "ಮಘೆ ಮಳೆ ನೀರು ಕೆಡಾಕಿಲ್ಲ, ನಮ್ಮಜ್ಜಿ ಹಂಡೇಲಿ ಹಿಡಿದಿಡೋಳು" ಅಂತ ನನ್ನ ಪರ ನಿಂತಳು.

ಆ ಮೊದಲ ತೊಟ್ಟಿ ಹಾಳಾಯಿತು. ಸುಮಾರು 38 ಸಾವಿರ ನೀರಿಗೆ ಬಿತ್ತು ಅಂದರೆ ಅದೇ. ಕೊಟ್ಟಿಗೆ ಪಕ್ಕದ ತಗ್ಗಿನಲ್ಲಿ, ತೆಂಗಿನ ಮರಕ್ಕೆ ಹತ್ತಡಿಯೂ ಇಲ್ಲದ ಕಡೆ ತೋಡಿಸಿದ್ದೆ. ಎರಡನೇ ವರ್ಷಕ್ಕೆ ಬೇರು ನುಗ್ಗಿ ಗೋಡೆ ಬಿರುಕು ಬಿಟ್ಟಿತು. ನೀರು ನೋಡೋದಕ್ಕೆ ಸ್ಫಟಿಕದ ಹಾಗೆ. ರೋಗಾಣು ಪರೀಕ್ಷೆಯ ಸಣ್ಣ ಬಾಟಲಿ ಇರುತ್ತಲ್ಲ, ಒಳಗೆ ಕಾಗದದ ಪಟ್ಟಿ ಇರುವಂಥದ್ದು, ಅದಕ್ಕೆ ತುಂಬಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟೆ. ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ನೀರು ಶಾಯಿಯಂತೆ ಕಪ್ಪು, ಅಂದರೆ ರೋಗಾಣು ಇದೆ. ಕೊಟ್ಟಿಗೆ ಗಂಜಲ ಒಳಗೆ ಒಸರುತ್ತಿತ್ತು. ಅದನ್ನು ಮುಚ್ಚಿಸಿದ ದಿನ ನಾನು ಊಟ ಮಾಡಲಿಲ್ಲ.

ಎರಡನೆಯದು 2017ರಲ್ಲಿ, ಮನೆ ಮುಂದಿನ ಎತ್ತರದ ಜಾಗದಲ್ಲಿ. 12 ಸಾವಿರ ಲೀಟರು, ಅರ್ಧ ನೆಲದೊಳಗೆ, ಅರ್ಧ ಮೇಲೆ. ಪೈಪು, ಗಾರೆ, ಕೂಲಿ ಎಲ್ಲ ಸೇರಿ 84 ಸಾವಿರದ ಹತ್ತಿರ, ಅಂದರೆ ಲೀಟರಿಗೆ ಏಳು ರೂಪಾಯಿ. ಲೆಕ್ಕ ಸುಲಭ. ನಮ್ಮ ತಾರಸಿ 1,100 ಚದರಡಿ, ಒಂದು ಇಂಚು ಮಳೆಗೆ ಎರಡು ಸಾವಿರದ ಮುನ್ನೂರು ಲೀಟರಿಗೆ ಮೋಸವಿಲ್ಲ. ಐದಾರು ಇಂಚು ಬಿದ್ದರೆ ತೊಟ್ಟಿ ತುಂಬಿತು. ನಮ್ಮ ಒಣ ಸೀಮೆಯಲ್ಲೂ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸೇರಿ ಅಷ್ಟು ಕೊಡುತ್ತವೆ. ಐದು ಜನಕ್ಕೆ ಕುಡಿಯೋದಕ್ಕೂ ಅಡುಗೆಗೂ ದಿನಕ್ಕೆ 40 ಲೀಟರು ಹಿಡಿಯಿರಿ, ಕಾರ್ತಿಕದಿಂದ ಭರಣಿ ಮಳೆಯವರೆಗೆ ದಾಟಿ ಮಿಗುತ್ತದೆ.

ಮೊದಲ ತುಂಬು ನೀರು ಕುಡಿಯಬೇಡಿ. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಬಾಯಿಗೆ ಹಾಕಿದರೆ ಎಲೆಯಡಿಕೆಗೆ ಸುಣ್ಣ ಹೆಚ್ಚಾದ ಹಾಗೆ ನಾಲಗೆ ಚುರುಗುಟ್ಟುತ್ತದೆ. ನಾನು ಎರಡು ಸಲ ತುಂಬಿಸಿ, ಎರಡೆರಡು ವಾರ ಇಟ್ಟು, ಪೂರಾ ಗಿಡಗಳಿಗೆ ಹರಿಸಿದೆ. ಬೋರಿನ ನೀರೇ ಸಾಕು ಈ ತೊಳೆತಕ್ಕೆ.

ಜನ ಎಲ್ಲ ಫಿಲ್ಟರಿನ ಬಗ್ಗೆ ಕೇಳುತ್ತಾರೆ. ಫಿಲ್ಟರಿನಲ್ಲಿ ದೊಡ್ಡ ವಿದ್ಯೆ ಏನಿಲ್ಲ: ಜಲ್ಲಿ, ಮರಳು, ಕರಟದ ಇದ್ದಿಲು. ಇದ್ದಿಲಿಗೆ ನಮ್ಮೂರಲ್ಲಿ ಬರವೇ? ನಿಜವಾದ ಕೆಲಸ ಇರೋದು ಮೊದಲ ಮಳೆಯನ್ನು ಹೊರಗೆ ಬಿಡುವುದರಲ್ಲಿ. ಮಳೆ ಶುರುವಾದಾಗ ಬರುವ ಮೊದಲ ನೀರಲ್ಲಿ ಧೂಳು, ಕಾಗೆ ಹಿಕ್ಕೆ, ತೆಂಗಿನ ಹೊಂಬಾಳೆ ಉದುರು ಎಲ್ಲ ಇರುತ್ತದೆ. ಮೊದಲ ವರ್ಷ ಕೈಯಲ್ಲೇ ವಾಲ್ವ್ ತಿರುಗಿಸುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಗುಡುಗಿದರೆ ಲುಂಗಿ ಕಟ್ಟಿಕೊಂಡು ಓಡಬೇಕು. ಎರಡು ಸಲ ನಿದ್ದೆ ಹೋಗಿ ಕೊಳಕು ನೀರೆಲ್ಲ ಒಳಗೆ ಹೋಯಿತು. ಈಗ 200 ಲೀಟರಿನ ನೀಲಿ ಡ್ರಮ್ಮು ಇದೆ. ಮೊದಲ ನೀರು ಅದಕ್ಕೆ ತುಂಬಿ, ಅದು ತುಂಬಿದ ಮೇಲೆ ಮಿಕ್ಕದ್ದು ಫಿಲ್ಟರಿಗೆ ತಿರುಗುತ್ತದೆ. ಡ್ರಮ್ಮು ಮುಂದಿನ ಮಳೆಯೊಳಗೆ ತಾನೇ ಖಾಲಿಯಾಗಬೇಕು, ಆದರೆ ಮಳೆ ಮಧ್ಯೆ ಖಾಲಿಯಾಗಬಾರದು. ಅದಕ್ಕೆ ತಳದಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದೇನೆ. ಅದರ ಅಳತೆ ಇಲ್ಲಿ ಬರೆಯಲ್ಲ. ನಾಲ್ಕು ಮಳೆಗಾಲ ತೂತು ಕೊರೆದು ಮುಚ್ಚಿ ಕಲಿತದ್ದು. ಮನೆಗೆ ಬನ್ನಿ, ಕಾಫಿ ಕುಡಿದು ನೋಡಿಕೊಂಡು ಹೋಗಿ.

ತಾರಸಿ ವಿಚಾರಕ್ಕೆ ಮನೆಯಲ್ಲಿ ಜಗಳವಾದದ್ದು ಮಾತ್ರ ನಿಜ. ರಾಗಿ, ಮೆಣಸಿನಕಾಯಿ, ಕೊಬ್ಬರಿ ಎಲ್ಲ ಒಣಗೋದು ಅಲ್ಲೇ. ಒಂದು ವರ್ಷ ಮಳೆ ನೀರಿಗೆ ಕೊಬ್ಬರಿ ಎಣ್ಣೆಯ ಕಮಟು ಬಂದಿತ್ತು. ಈಗ ಮುಂಗಾರಿನಿಂದ ತಾರಸಿ ನನ್ನದು, ಸಂಕ್ರಾಂತಿ ಮೇಲೆ ಮನೆಯವಳದು ಅಂತ ರಾಜಿಯಾಗಿದೆ.

ಇನ್ನು ಮುಖ್ಯ ಸಂಗತಿ, ನಾನೇ ತಡವಾಗಿ ತಿಳಿದದ್ದು. ಮೊದಲ ವರ್ಷ ಮಳೆ ನೀರು ಕುಡಿಯೋದಕ್ಕೆ ಮಾತ್ರ ಇಟ್ಟು, ಅಡುಗೆಗೆ ಬೋರಿನ ನೀರೇ ಬಳಸಿದೆವು. ಮುದ್ದೆಗೆ ಇಡೋ ಎಸರು, ಅನ್ನದ ನೀರು, ಸಾರು, ಎಲ್ಲ ಹೊಟ್ಟೆಗೇ ಹೋಗುತ್ತದಲ್ಲ? ಎಸರು ಕುದ್ದಷ್ಟೂ ಇನ್ನೂ ಗಟ್ಟಿ. ಅವ್ವನ ಹೊಟ್ಟೆ ಉರಿ, ಉಬ್ಬರ ಕಮ್ಮಿಯಾದದ್ದು ಎಸರಿಗೂ ಮಳೆ ನೀರು ಇಟ್ಟ ಮೇಲೆ, ತಿಂಗಳೊಳಗೆ. ಟೀಯಲ್ಲೂ ಫ್ಲೋರೈಡ್ ಇರುತ್ತದೆ ಅಂತ ಡಾಕ್ಟರು ಹೇಳಿದ್ದರಿಂದ ಅವಳ ದಿನಕ್ಕೆ ನಾಲ್ಕು ಲೋಟ ಟೀ ಬಿಡಿಸಿದೆ. ಕಾಫಿ ಬೆಳೆಯೋ ಜಿಲ್ಲೆಯಲ್ಲಿದ್ದುಕೊಂಡು ಅದೊಂದು ಕಷ್ಟವೇ? ಆದರೂ ಬೈದಳು. ಕತ್ತು, ಬೆನ್ನು ನೆಟ್ಟಗಾಗಲಿಲ್ಲ. ಮೂಳೆಗೆ ಕೂತದ್ದು ಇಳಿಯಲ್ಲ, ಮಗನ ಹಲ್ಲಿನ ಕಲೆಯೂ ಅಷ್ಟೆ. ಮಗಳು ಹುಟ್ಟಿದ್ದು 2016ರ ಕೊನೆಯಲ್ಲಿ. ಮುಂದಿನ ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವ ಮೊದಲ ನಾಲ್ಕೈದು ವರ್ಷದಲ್ಲಿ ಅವಳು ಹೆಚ್ಚುಕಮ್ಮಿ ಈ ತೊಟ್ಟಿಯ ನೀರನ್ನೇ ಕುಡಿದಳು.

ಊರ ಹೆಂಗಸರು ಒಪ್ಪಿದ್ದು ಹಲ್ಲು ನೋಡಿ ಅಲ್ಲ, ಬೇಳೆ ನೋಡಿ. ಬೋರಿನ ನೀರಲ್ಲಿ ಆರು ವಿಷಲ್ ಕೂಗಿದರೂ ಕಾಳಾಗಿ ನಿಲ್ಲುತ್ತಿದ್ದ ತೊಗರಿಬೇಳೆ, ಇದರಲ್ಲಿ ಮೂರಕ್ಕೆ ಬೆಣ್ಣೆಯಾಗುತ್ತದೆ. ಒಬ್ಬರು ಬೇಳೆಗೆ ಅಂತ ಒಂದು ಬಿಂದಿಗೆ ಕೇಳಿದರು, ಆಮೇಲೆ ಬೀದಿಯೇ ಬಂತು. ಈಗ ನಮ್ಮ ಬೀದಿಯಲ್ಲಿ ನಾಲ್ಕು ತೊಟ್ಟಿ. ಅದರಲ್ಲೊಂದು ನಕ್ಕ ಭಾಮೈದನದು, ಗುಂಡಿ ಜಾಗ ತೋರಿಸಿದ್ದು ನಾನೇ.

ಒಳಗೆ ಬೆಳಕು ಬೀಳಬಾರದು, ಪಾಚಿ ಕಟ್ಟುತ್ತದೆ. ತುಂಬಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಲೇಬೇಕು, ಇಲ್ಲವಾದರೆ ಫ್ಲೋರೈಡ್ ಬಿಟ್ಟು ಡೆಂಗಿ ಸಾಕಿದ ಹಾಗೆ. ಒಮ್ಮೆ ಗಪ್ಪಿ ಮೀನು ಬಿಟ್ಟು ನೋಡಿದೆ. ಸೊಳ್ಳೆ ಹೋಯಿತು, ನೀರಿಗೆ ಮೀನಿನ ವಾಸನೆ ಬಂತು. ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಎತ್ತಿ ಕಲ್ಯಾಣಿಗೆ ಬಿಟ್ಟೆ. ಕುಡಿಯೋ ನೀರು ಈಗಲೂ ಒಂದು ಕುದಿ ಬರಿಸಿಯೇ ಕುಡಿಯುತ್ತೇವೆ. ಇದರಲ್ಲಿ ಕುದಿಸಿದರೆ ಗಟ್ಟಿಯಾಗೋದಕ್ಕೆ ಏನೂ ಇಲ್ಲ.

ಎರಡು ವರ್ಷದಿಂದ ಹೊಸ ಕಾಟ ಶುರುವಾಗಿದೆ, ನವಿಲು. ಗುಡ್ಡದಿಂದ ಇಳಿದು ತಾರಸಿ ಮೇಲೆ ಮಲಗುತ್ತವೆ, ಬೆಳಿಗ್ಗೆ ಹೋಗಿ ನೋಡಿದರೆ ಮುದ್ದೆ ಮುದ್ದೆ ಹಿಕ್ಕೆ. ಮೀನಿನ ದಾರ ಕಟ್ಟಿದೆ, ಹಳೇ ಸಿಡಿ ತೂಗುಹಾಕಿದೆ. ದಾರ ದಾಟಿ ಬಂದವು, ಸಿಡಿಯಲ್ಲಿ ಮುಖ ನೋಡಿಕೊಂಡವು. ಈ ಸಲ ಭರಣಿಗೆ ಮುಂಚೆ ತಾರಸಿ ತೊಳೆದು ಸುಣ್ಣ ಬಳಿಯಬೇಕು, ಬಲೆ ಹಾಕಿಸೋದಕ್ಕೆ ಎಷ್ಟಾಗುತ್ತದೆ ಅಂತ ತಿಪಟೂರಲ್ಲಿ ಕೇಳಿಸಿದ್ದೇನೆ.