ಓಮನ್‌ನಲ್ಲಿ ಕಡಲು, ಮರಳುಗಾಡು, ಜೊತೆಗೆ ಮಕ್ಕಳು ಮತ್ತು ಅತ್ತೆ: ನಾವು ಹೋಗಿಬಂದ ರೀತಿ

ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಬಿಸಿಲಿನ ದೇಶಕ್ಕೆ ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಮ್ಯಾಪ್ ನೋಡಿ ಪ್ಲಾನ್ ಮಾಡಬೇಡಿ, ಬಿಸಿಲು ನೋಡಿ ಮಾಡಿ. ಯಾವ ಜಾಗ ಎಷ್ಟು ದೂರ ಅನ್ನೋದಕ್ಕಿಂತ, ಅಲ್ಲಿಗೆ ಎಷ್ಟು ಗಂಟೆಗೆ ತಲುಪುತ್ತೀರಿ ಅನ್ನೋದು ಮುಖ್ಯ. ದಸರಾ ರಜೆಯಲ್ಲಿ ಓಮನ್‌ಗೆ ಹೋದಾಗ ನಾವು ಇಡೀ ಪ್ರವಾಸವನ್ನು ಹೀಗೇ ಹೊಂದಿಸಿಕೊಂಡೆವು. ನಾನು, ನಮ್ಮವರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಮಂಡಿನೋವಿನ ಅತ್ತೆ. ಯಾರೂ ಹುಷಾರು ತಪ್ಪಲಿಲ್ಲ.

ಅಕ್ಟೋಬರ್‌ನಲ್ಲಿ ಅಲ್ಲಿ ಬಿಸಿಲು ಇನ್ನೂ ಜೋರಾಗಿಯೇ ಇರುತ್ತದೆ. ಮಸ್ಕತ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ಆಸುಪಾಸು. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದರೆ ಹಿತ ಅಂತ ಎಲ್ಲರಿಗೂ ಗೊತ್ತು, ಆದರೆ ಮಕ್ಕಳ ಶಾಲೆ ಕೇಳಬೇಕಲ್ಲ! ಜೂನ್, ಜುಲೈ ಮಾತ್ರ ಯಾರು ಎಷ್ಟೇ ಅಗ್ಗದ ಪ್ಯಾಕೇಜ್ ಕೊಟ್ಟರೂ ಬೇಡ. ಒಳನಾಡಿನಲ್ಲಿ ಆಗ 45 ದಾಟುವುದು ಮಾಮೂಲಿ.

ಮೊದಲು ಒಬ್ಬ ಏಜೆಂಟ್ ಹತ್ತಿರ ವಿಚಾರಿಸಿದ್ದೆವು. ಮಸ್ಕತ್‌ನ ಬೀಚ್ ಹೋಟೆಲ್‌ನಲ್ಲಿ ಉಳಿದುಕೊಂಡು, ಮಧ್ಯೆ ಒಂದು ದಿನ ಮರಳುಗಾಡಿಗೆ ಹೋಗಿ ಅದೇ ದಿನ ವಾಪಸ್ ಬರುವ ಪ್ಲಾನ್ ಕೊಟ್ಟರು. ಬೆಳಿಗ್ಗೆ ಎಂಟೂವರೆಗೆ ಹೊರಡುವುದು. ಮಸ್ಕತ್‌ನಿಂದ ಮರಳು ಶುರುವಾಗುವ ಬಿದಿಯಾಗೆ ಇನ್ನೂರು ಕಿಲೋಮೀಟರ್ ಮೇಲಾಗುತ್ತದೆ. ದಾರಿಯಲ್ಲಿ ಎರಡು ಕಡೆ ನಿಂತರೆ ಮರಳಿಗೆ ಕಾಲಿಡುವಾಗ ಹನ್ನೆರಡು ಗಂಟೆ. ಆ ಹೊತ್ತಿಗೆ ಮರಳಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಬೆಳಕು ನೆತ್ತಿಯ ಮೇಲಿರುವುದರಿಂದ ದಿಬ್ಬಗಳ ನೆರಳೂ ಬೀಳುವುದಿಲ್ಲ, ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯ ಇಳಿದು ಮರಳು ಕೆಂಪಾಗುವ ಹೊತ್ತಿಗೆ ನೀವು ಹೆದ್ದಾರಿಯಲ್ಲಿ ವಾಪಸ್ ಹೋಗುತ್ತಿರುತ್ತೀರಿ. ಇದಕ್ಕೆ ದುಡ್ಡು ಬೇರೆ ಕೊಡಬೇಕಾ? ನಾವೇ ಪ್ಲಾನ್ ಮಾಡಲು ಕೂತೆವು.

ನಾವು ಹಾಕಿಕೊಂಡ ದಾರಿ ಒಂದು ಸುತ್ತು. ಮೊದಲು ಮಸ್ಕತ್‌ನಲ್ಲಿ ಕಡಲು. ಆಮೇಲೆ ಕರಾವಳಿ ಹೆದ್ದಾರಿಯಲ್ಲಿ ಸೂರ್ ಊರಿನವರೆಗೆ, ಅಲ್ಲಿಂದ ಕಡಲಾಮೆಗಳು ಬರುವ ರಾಸ್ ಅಲ್ ಜಿಂಜ್ ದಡ. ಬಳಿಕ ಒಳನಾಡಿಗೆ ತಿರುಗಿ ವಾದಿ ಬನಿ ಖಾಲಿದ್ (ವಾದಿ ಅಂದರೆ ಬೆಟ್ಟಗಳ ನಡುವಿನ ಹಳ್ಳದ ಕಣಿವೆ), ಮರಳುಗಾಡಿನಲ್ಲಿ ಒಂದೇ ರಾತ್ರಿ. ಕೊನೆಗೆ ಮತ್ತೆ ಮಸ್ಕತ್‌ನ ಕಡಲು. ಮರಳುಗಾಡನ್ನು ಕೊನೆಗೆ ಇಡಲಿಲ್ಲ. ಅಲ್ಲಿಂದ ಬಂದಾಗ ಎಲ್ಲರೂ ಸುಸ್ತಾಗಿರುತ್ತಾರೆ, ಮೈಯೆಲ್ಲ ಧೂಳು. ಹಾಗೇ ನೇರ ವಿಮಾನ ಹತ್ತುವುದು ಯಾರಿಗೆ ಬೇಕು?

ಓಮನ್ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮನೆಯಲ್ಲಿ ಆರೂವರೆಗೆ ಏಳುವ ಮಕ್ಕಳು ಅಲ್ಲಿ ಐದಕ್ಕೇ ಕಣ್ಣು ಬಿಟ್ಟುಕೊಂಡು ಕೂರುತ್ತಾರೆ. ಕೆಲವರು ಇದನ್ನು ಸರಿಮಾಡಲು ಹೋಗಿ ಮಕ್ಕಳನ್ನು ರಾತ್ರಿ ಬಲವಂತವಾಗಿ ಎಚ್ಚರ ಇಡುತ್ತಾರೆ. ನಾವು ಸುಮ್ನೆ ಬಿಟ್ಟೆವು. ಬಿಸಿಲಿನ ದೇಶದಲ್ಲಿ ಐದಕ್ಕೆ ಏಳುವ ಮಕ್ಕಳು ಸಿಕ್ಕರೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಆರು ಗಂಟೆಗೆ ಬೆಳಕಾಗುತ್ತಿದ್ದಂತೆ ನೀರಿನ ಹತ್ತಿರ ಇರುತ್ತಿದ್ದೆವು. ಒಂಬತ್ತಕ್ಕೆ ಎಲ್ಲರೂ ಒಳಗೆ. ತಿಂಡಿ, ಸ್ನಾನ, ನಿದ್ದೆ, ಇಸ್ಪೀಟು. ನಾಲ್ಕರ ಮೇಲೆ ಮತ್ತೆ ಬೀಚ್. "ಇಷ್ಟು ದೂರ ಬಂದು ಮಧ್ಯಾಹ್ನ ಎಲ್ಲ ರೂಮಲ್ಲೇ ಕೂರೋದಾ?" ಅಂತ ನಮ್ಮವರು ಮೊದಲು ಗೊಣಗಿದರು. ಅಲ್ಲಿನ ಜನ ಮಾಡುವುದೂ ಅದನ್ನೇ. ಒಂದು ಗಂಟೆಯಿಂದ ನಾಲ್ಕರವರೆಗೆ ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಸಂಜೆ ಆಗುತ್ತಿದ್ದಂತೆ ಕುರುಮ್ ಬೀಚಿಗೆ ಊರಿಗೆ ಊರೇ ಬರುತ್ತದೆ, ಹುಡುಗರು ಫುಟ್‌ಬಾಲ್ ಆಡುತ್ತಾರೆ, ಮನೆಮಂದಿ ಚಾಪೆ ಹಾಸಿಕೊಂಡು ಫ್ಲಾಸ್ಕ್ ತೆಗೆಯುತ್ತಾರೆ. ಮಧ್ಯಾಹ್ನ ಬೀಚಿನಲ್ಲಿ ಇದ್ದವರು ನಮ್ಮಂಥ ಪ್ರವಾಸಿಗಳು ಮಾತ್ರ.

ಬಟ್ಟೆ ವಿಷಯ ಸುಲಭ. ಹೋಟೆಲ್‌ನ ಸ್ವಂತ ಬೀಚಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಾರ್ವಜನಿಕ ಬೀಚ್, ವಾದಿಗಳಲ್ಲಿ ಮೈಮುಚ್ಚುವ ಟೀ ಶರ್ಟ್, ಮೊಣಕಾಲು ದಾಟುವ ಪ್ಯಾಂಟ್ ಇರಲಿ. ಮಕ್ಕಳಿಗೆ ತುಂಬುತೋಳಿನ ಈಜುಡುಗೆ ತೆಗೆದುಕೊಂಡಿದ್ದೆ. ಸನ್‌ಸ್ಕ್ರೀನ್ ಹಚ್ಚುವ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಮುಖ, ಕುತ್ತಿಗೆ ಹಿಂಭಾಗ, ಕಿವಿ ತುದಿ, ಪಾದದ ಮೇಲ್ಭಾಗ ಇಷ್ಟೇ ಉಳಿಯುವುದು. ಪಾದ ಎಲ್ಲರೂ ಮರೆಯುತ್ತಾರೆ. ಕಡಲ ಗಾಳಿ ತಂಪಾಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಹೊದಿಕೆ ತಾಗಿದಾಗ ಗೊತ್ತಾಗುತ್ತದೆ.

ನೀರು ಕುಡಿಯುವುದನ್ನು ಬಾಯಾರಿಕೆಗೆ ಬಿಡಲಿಲ್ಲ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಅದರ ಮೇಲೆ ದಾರಿಯಲ್ಲಿ ಟಾಯ್ಲೆಟ್ ಸಿಗುತ್ತದೋ ಇಲ್ಲವೋ ಅಂತ ಅತ್ತೆ ಬೇಕಂತಲೇ ಕಡಿಮೆ ಕುಡಿಯುತ್ತಿದ್ದರು. ಮಗಳಿಗೆ ಆ ಕೆಲಸ ವಹಿಸಿದೆ. "ಅಜ್ಜೀ, ಟೈಮ್ ಆಯ್ತು" ಅಂತ ಅವಳು ಬಾಟಲಿ ಹಿಡಿದು ನಿಂತರೆ ಇಲ್ಲ ಅನ್ನಲು ಅತ್ತೆಗೆ ಆಗುತ್ತಿರಲಿಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕ್‌ಗಳಲ್ಲಿ ಟಾಯ್ಲೆಟ್ ಇರುತ್ತವೆ, ಆ ಚಿಂತೆ ಬೇಡ. ಓಆರ್‌ಎಸ್ ಪ್ಯಾಕೆಟ್ ಮನೆಯಿಂದಲೇ ಒಯ್ದಿದ್ದೆ.

ಮಸ್ಕತ್‌ನಲ್ಲಿ ಕಡಲು ಬಿಟ್ಟರೆ ಸುಲ್ತಾನ್ ಕಾಬೂಸ್ ಮಸೀದಿ ನೋಡಿದೆವು. ಬೇರೆ ಧರ್ಮದವರಿಗೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಪ್ರವೇಶ, ಶುಕ್ರವಾರ ಇಲ್ಲ. ಹೆಂಗಸರು ತಲೆ, ಮಣಿಕಟ್ಟಿನವರೆಗೆ ಕೈ, ಹಿಮ್ಮಡಿಯವರೆಗೆ ಕಾಲು ಮುಚ್ಚಿಕೊಂಡಿರಬೇಕು. ಅಮೃತಶಿಲೆಯ ಅಂಗಳ ಕಾಯುವ ಮೊದಲೇ ಹೋಗಿ.

ಬಾಡಿಗೆಗೆ ಸಾಮಾನ್ಯ ಕಾರನ್ನೇ ತೆಗೆದುಕೊಂಡೆವು, ಫೋರ್‌ವೀಲ್ ಡ್ರೈವ್ ಅಲ್ಲ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಮೊದಲ ದಿನ ಪ್ರತಿ ವೃತ್ತದಲ್ಲೂ ನಾನು "ಬಲಕ್ಕೆ, ಬಲಕ್ಕೆ" ಅಂತ ಕೂಗುತ್ತಿದ್ದೆ. ಹೆದ್ದಾರಿಗಳಲ್ಲಿ ಮಿತಿ 120, ಅದನ್ನು ದಾಟಿದರೆ ಕಾರೇ ಪೀಂ ಪೀಂ ಅಂತ ಶುರು ಮಾಡುತ್ತದೆ, ಕ್ಯಾಮೆರಾಗಳೂ ಜಾಸ್ತಿ. ಕತ್ತಲಾದ ಮೇಲೆ ಒಳನಾಡಿನಲ್ಲಿ ಓಡಿಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ಒಂಟೆಗಳು ರಸ್ತೆಗೆ ಬರುತ್ತವೆ. ಅವುಗಳ ಕಾಲು ಉದ್ದ, ಕಾರು ಡಿಕ್ಕಿಯಾದರೆ ಇಡೀ ಮೈ ನೇರ ಗಾಜಿನ ಮೇಲೆ ಬೀಳುತ್ತದೆ.

ಸೂರ್ ದಾರಿಯಲ್ಲಿ ಬಿಮ್ಮಾ ಸಿಂಕ್‌ಹೋಲ್ ಸಿಗುತ್ತದೆ. ಸುಣ್ಣಕಲ್ಲಿನ ನೆಲ ಕುಸಿದು ಆದ ದೊಡ್ಡ ಗುಂಡಿ, ತಳದಲ್ಲಿ ಹಸಿರು ನೀಲಿ ನೀರು. ಇಳಿಯಲು ಮೆಟ್ಟಿಲುಗಳಿವೆ. ಅತ್ತೆ ಮೇಲೇ ಮರದ ಕೆಳಗೆ ಕೂತರು. ವಾದಿ ಶಾಬ್ ಬಿಟ್ಟುಬಿಟ್ಟೆವು. ದೋಣಿಯಲ್ಲಿ ದಾಟಿ, ಬಂಡೆಗಳ ಮೇಲೆ ಮುಕ್ಕಾಲು ಗಂಟೆ ನಡೆಯಬೇಕು. ಮಂಡಿನೋವು, ಐದು ವರ್ಷದ ಹುಡುಗ, ಎರಡಕ್ಕೂ ಆಗಿಬರುವುದಿಲ್ಲ. ಎಲ್ಲರೂ ನೋಡಿದ್ದಾರೆ ಅಂತ ನಾವೂ ನೋಡಲೇಬೇಕಾ?

ರಾಸ್ ಅಲ್ ಜಿಂಜ್‌ನಲ್ಲಿ ಹಸಿರು ಕಡಲಾಮೆಗಳು ವರ್ಷವಿಡೀ ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ಬೇಸಿಗೆಯಲ್ಲಿ ಜಾಸ್ತಿ. ಗೈಡ್ ಜೊತೆಗೇ ಹೋಗಬೇಕು, ಮುಂಚೆಯೇ ಬುಕ್ ಮಾಡಬೇಕು. ರಾತ್ರಿ ಒಂದು ಸಲ, ನಸುಕಿಗೆ ಒಂದು ಸಲ ಕರೆದೊಯ್ಯುತ್ತಾರೆ. ಜನ ರಾತ್ರಿಯದನ್ನೇ ಕೇಳುತ್ತಾರೆ. ನಾವು ಹತ್ತಿರದಲ್ಲೇ ಉಳಿದುಕೊಂಡು ನಸುಕಿನದನ್ನು ಆರಿಸಿಕೊಂಡೆವು. ರಾತ್ರಿ ಒಂಬತ್ತು ಅಂದರೆ ಮಕ್ಕಳ ಮೈಗೆ ಹತ್ತೂವರೆ, ಅಲ್ಲೇ ನಿದ್ದೆಹೋಗುತ್ತಾರೆ. ನಸುಕಿಗಾದರೆ ತಾವಾಗಿಯೇ ಎದ್ದಿರುತ್ತಾರೆ.

ಕತ್ತಲಲ್ಲಿ ಮರಳಿನ ಮೇಲೆ ನಡೆದು ಹೋದೆವು. ಟಾರ್ಚ್ ಹಾಕುವಂತಿಲ್ಲ, ಫ್ಲ್ಯಾಶ್ ಇಲ್ಲ, ಮಾತು ಪಿಸುದನಿಯಲ್ಲಿ. ಒಂದು ಆಮೆ ಮೊಟ್ಟೆಯಿಟ್ಟು ಮುಗಿಸಿ ಗುಂಡಿ ಮುಚ್ಚುತ್ತಿತ್ತು. ಮುಂದಿನ ಈಜುಗಾಲುಗಳಿಂದ ಮರಳನ್ನು ಹಿಂದಕ್ಕೆ ಎಸೆಯುತ್ತದೆ. ನಾಲ್ಕೈದು ಸಲ ಎಸೆಯುವುದು, ನಿಲ್ಲುವುದು, ದೊಡ್ಡದಾಗಿ ಉಸಿರು ಬಿಡುವುದು. ಆ ಉಸಿರು ನಮಗೆ ಚೆನ್ನಾಗಿ ಕೇಳುತ್ತಿತ್ತು. ಕಣ್ಣಿಂದ ಜಿಗುಟು ನೀರು ಇಳಿಯುತ್ತಿತ್ತು. "ಅಳ್ತಿದೆ" ಅಂದ ಮಗ. ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹಾಗೆ ಹೊರಹಾಕುತ್ತದೆ ಅಂತ ಗೈಡ್ ಹಿಂದಿಯಲ್ಲಿ ಹೇಳಿದರು. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ಎಸೆತದ ಮರಳು ಪೂರ್ತಿ ಅವನ ಹೊಟ್ಟೆಯ ಮೇಲೆ ಬಿತ್ತು, ಆಗ ನಗು ತಡೆದುಕೊಳ್ಳಲು ನಮಗೆಲ್ಲ ಕಷ್ಟವಾಯಿತು. ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದಂತೆ, ಮರಿಗಳು ಹೊರಬರಲು ಸುಮಾರು ಎರಡು ತಿಂಗಳು. ಬೆಳಕಾಗುವಾಗ ಅದು ನಿಧಾನವಾಗಿ ನೀರಿಗೆ ಇಳಿಯಿತು. ನಮ್ಮ ಖರ್ಚಿನಲ್ಲಿ ಅತಿ ಸಾರ್ಥಕವಾದದ್ದು ಇದು.

ವಾದಿ ಬನಿ ಖಾಲಿದ್‌ಗೆ ಶುಕ್ರವಾರ, ಶನಿವಾರ ಹೋಗಬೇಡಿ, ಅಲ್ಲಿ ಅದು ವಾರದ ರಜೆ. ಬೇರೆ ದಿನ ಆರಾಮ. ಕಾರು ನಿಲ್ಲಿಸಿದ ಜಾಗದಿಂದ ನೀರಿನ ಕಾಲುವೆಯ ಪಕ್ಕ ಹತ್ತು ನಿಮಿಷ ನಡೆದರೆ ಕೊಳಗಳು. ಅತ್ತೆ ಕಾಲು ಇಳಿಬಿಟ್ಟು ಕೂತರು, ಚಿಕ್ಕ ಮೀನುಗಳು ಬಂದು ಕಾಲು ಕಚ್ಚತೊಡಗಿದವು. ಬೆಟ್ಟದ ಕಡೆ ಮಳೆಯ ಮೋಡ ಕಂಡರೆ ಮಾತ್ರ ಯಾವ ವಾದಿಗೂ ಇಳಿಯಬಾರದು. ಮಳೆ ಎಲ್ಲೋ ಬಿದ್ದಿರುತ್ತದೆ, ನೀರು ಇಲ್ಲಿಗೆ ನುಗ್ಗುತ್ತದೆ.

ಅಲ್ಲಿಂದ ಹೊರಟು ಮೂರೂವರೆಗೆ ಮರಳುಗಾಡಿನ ಬಾಗಿಲಿಗೆ ಬಂದೆವು. ವಾಹಿಬಾ ಸ್ಯಾಂಡ್ಸ್ ಅಂತ ಎಲ್ಲರೂ ಕರೆಯುವ ಈ ಜಾಗದ ಈಗಿನ ಹೆಸರು ಶರ್ಕಿಯಾ ಸ್ಯಾಂಡ್ಸ್. ಉತ್ತರ ದಕ್ಷಿಣವಾಗಿ ಸುಮಾರು 180 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ 80. ನಮ್ಮ ಕಾರನ್ನು ಊರಂಚಿನ ಬಂಕ್ ಹತ್ತಿರ ಬಿಟ್ಟೆವು, ಕ್ಯಾಂಪ್‌ನವರು ತಮ್ಮ ಗಾಡಿ ತಂದರು. ಎಲ್ಲ ದಿನಕ್ಕೂ ಫೋರ್‌ವೀಲ್ ಡ್ರೈವ್ ಬಾಡಿಗೆ ಕೊಡುವುದಕ್ಕಿಂತ ಇದು ಎಷ್ಟೋ ಅಗ್ಗ. ಮರಳಿನಲ್ಲಿ ಓಡಿಸುವುದು ಬೇರೆಯದೇ ವಿದ್ಯೆ. ಡ್ರೈವರ್ ಮೊದಲು ಇಳಿದು ನಾಲ್ಕೂ ಟೈರಿನ ಗಾಳಿಯನ್ನು ಅರ್ಧದಷ್ಟು ಬಿಟ್ಟರು. ಟೈರ್ ಚಪ್ಪಟೆಯಾದಷ್ಟೂ ಭಾರ ಹರಡುತ್ತದೆ, ಗಾಡಿ ಹೂತುಕೊಳ್ಳುವುದಿಲ್ಲ.

ದಿಬ್ಬಗಳ ಮೇಲೆ ಗಾಡಿಯನ್ನು ಹಾರಿಸುವ ಆಟ ಬೇಡ ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. ಬೆನ್ನುನೋವು ಇದ್ದವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಸಲ್ಲದು. ನಮ್ಮವರಿಗೆ ಆಸೆ ಇತ್ತು. ಅತ್ತೆಯನ್ನೂ ಮಗನನ್ನೂ ಕ್ಯಾಂಪಿನಲ್ಲಿ ಇಳಿಸಿದ ಮೇಲೆ ಮಗಳ ಜೊತೆ ಹೋಗಿ ಒಂದು ಸುತ್ತು ಹಾಕಿಸಿಕೊಂಡು ಬಂದರು. ಇಳಿದಾಗ ಅವಳು ನಗುತ್ತಿದ್ದಳು, ಇವರ ಮುಖ ಬಿಳಿಚಿಕೊಂಡಿತ್ತು.

ಮರಳುಗಾಡು ಅಂದರೆ ಏನೂ ಬೆಳೆಯದ ಜಾಗ ಅಂದುಕೊಂಡಿದ್ದೆ. ಅಂಚಿನಲ್ಲಿ ಮರಗಳಿವೆ, ಒಂದೊಂದೂ ಕೊಡೆಯಷ್ಟು ನೆರಳು ಹಿಡಿದು ನಿಂತಿರುತ್ತವೆ. ಅಲ್ಲಿಯವರು ಗಾಫ್ ಅನ್ನುತ್ತಾರೆ. ಅತ್ತೆ ಗಾಡಿ ನಿಲ್ಲಿಸಲು ಹೇಳಿದರು. ಎಲೆ ಕಿತ್ತು, ಉಜ್ಜಿ, ಮುಳ್ಳು ನೋಡಿ, "ಇದು ನಮ್ಮ ಬನ್ನಿ ಕಣೇ" ಅಂದರು. ಎಲ್ಲಿಯ ಬನ್ನಿ ಅತ್ತೆ ಅಂತ ನಾನು ನಕ್ಕೆ. ಆಮೇಲೆ ಹುಡುಕಿ ನೋಡಿದರೆ ಅವರು ಹೇಳಿದ್ದು ಸರಿ, ಅದೇ ಜಾತಿಯ ಮರ. ವಿಜಯದಶಮಿಗೆ ಮನೆಯಲ್ಲಿ ಇರಲಿಲ್ಲವಲ್ಲ ಅನ್ನುವ ಅವರ ಕೊರಗು ಅಲ್ಲಿಗೆ ಮುಗಿಯಿತು. ಪ್ರದಕ್ಷಿಣೆ ಹಾಕಿ, ನಮಗೆಲ್ಲ ನಾಲ್ಕು ನಾಲ್ಕು ಎಲೆ ಕೊಟ್ಟರು. ಡ್ರೈವರ್‌ಗೂ ಕೊಟ್ಟರು, ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಈ ಮರದ ಬೇರು ಬಹಳ ಆಳಕ್ಕೆ ಹೋಗುತ್ತದೆ, ಕಡಲಿಂದ ಬರುವ ಮಂಜು, ಇಬ್ಬನಿಯೂ ಅದಕ್ಕೆ ಆಸರೆ.

ದಿಬ್ಬ ಹತ್ತುವುದಕ್ಕೆ ಒಂದು ಉಪಾಯ ಇದೆ. ಗಾಳಿ ಬೀಸುವ ಕಡೆಯ ಇಳಿಜಾರು ಗಟ್ಟಿಯಾಗಿ, ನಿಧಾನವಾಗಿ ಏರುತ್ತದೆ. ಮರೆಯ ಕಡೆ ಕಡಿದಾಗಿ, ಸಡಿಲವಾಗಿ ಇರುತ್ತದೆ. ಗಟ್ಟಿ ಕಡೆಯಿಂದ ಏಣಿನ ಗುಂಟ ಹತ್ತಿ, ಸಡಿಲ ಕಡೆ ಜಾರಬೇಕು. ಮಕ್ಕಳಿಗೆ ಇದು ಗೊತ್ತಾದ ಮೇಲೆ ಕತ್ತಲಾದರೂ ಕೆಳಗೆ ಬರಲಿಲ್ಲ. ಬೂಟು ಬೇಡ, ಸಾಕ್ಸ್ ಸಾಕು.

ಕ್ಯಾಂಪ್ ಆರಿಸುವಾಗ ಈಜುಕೊಳ ಇದೆಯಾ ಅಂತ ಕೇಳಬೇಡಿ. ಟಾಯ್ಲೆಟ್ ರೂಮಿಗೆ ಅಂಟಿಕೊಂಡಿದೆಯಾ, ರಾತ್ರಿ ಎಷ್ಟರವರೆಗೆ ಕರೆಂಟ್ ಇರುತ್ತದೆ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿ. ನಮಗೆ ಅನ್ನ, ಬೇಳೆ, ಹಮ್ಮಸ್, ರೊಟ್ಟಿ ಸಿಕ್ಕಿತು. ಊರುಗಳಲ್ಲಿ ಹೇಗೂ ಪರೋಟ, ಕರಕ್ ಚಹಾ ಮೂಲೆಮೂಲೆಯಲ್ಲೂ ಇವೆ. ಕಹ್ವಾ, ಅಂದರೆ ಅಲ್ಲಿನ ಕಾಫಿ, ಕೊಟ್ಟಾಗ ಬಲಗೈಯಲ್ಲೇ ತೆಗೆದುಕೊಳ್ಳಿ. ಸಾಕು ಅನ್ನಿಸಿದಾಗ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳುವುದು ಕಡ್ಡಾಯ, ಚೇಳು ಇರುತ್ತವೆ. ಬೆಳಕು ಹರಿಯುವ ಮೊದಲೇ ಹೊರಗೆ ಹೋದರೆ ರಾತ್ರಿ ಓಡಾಡಿದ ಜೀರುಂಡೆಗಳ ಹೆಜ್ಜೆಸಾಲು ಮರಳಿನ ಮೇಲೆ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಎಂಟಕ್ಕೆ ಅವೆಲ್ಲ ಅಳಿಸಿಹೋಗಿರುತ್ತವೆ, ಬಿಸಿಲೂ ಏರಿರುತ್ತದೆ. ಆ ಹೊತ್ತಿಗೆ ನಾವು ಗಾಡಿ ಹತ್ತಿಯಾಗಿತ್ತು. ಬಂಕ್‌ನಲ್ಲಿ ನಮ್ಮ ಕಾರು ತೆಗೆದುಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ಮಸ್ಕತ್.

ಇನ್ನು ಮರಳಿನ ಕಾಟ. ಒದ್ದೆ ಮೈಯನ್ನು ಟವೆಲ್‌ನಿಂದ ಉಜ್ಜಿದರೆ ಮಕ್ಕಳ ಚರ್ಮ ಕೆಂಪಾಗುತ್ತದೆ. ಮೈ ಒಣಗಲು ಬಿಟ್ಟು, ಬೇಬಿ ಪೌಡರ್ ಹಾಕಿ ಕೈಯಲ್ಲೇ ಒರೆಸಿದರೆ ಮರಳು ಉದುರಿಹೋಗುತ್ತದೆ. ಫೋನನ್ನು ಜಿಪ್ ಕವರ್‌ನಲ್ಲಿ ಇಡಿ. ಕಾರು ವಾಪಸ್ ಕೊಡುವ ಮೊದಲು ಬಂಕ್‌ನಲ್ಲಿ ಒಳಗೂ ಹೊರಗೂ ತೊಳೆಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ವೀಸಾ: ರಾಯಲ್ ಓಮನ್ ಪೊಲೀಸರ ಇ-ವೀಸಾ ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು, ಅದಕ್ಕೆ ಏಜೆಂಟ್ ಬೇಕಾಗಿಲ್ಲ.