ಬಾಗಿಲನ್ನು ಎರಡಾಗಿ ಕೊಯ್ದ ಕಥೆ

ನಮ್ಮ ಹಿತ್ತಲ ಬಾಗಿಲನ್ನು ನಾನೇ ಕೊಯ್ದು ಎರಡು ತುಂಡು ಮಾಡಿದೆ. ಮಗಳಿಗೆ ಒಂದೂವರೆ ವರ್ಷ. ಬಾಗಿಲು ತೆರೆದಿಟ್ಟರೆ ಸೀದಾ ಕಾಲುವೆಯ ಕಡೆಗೆ ಓಟ, ಮುಚ್ಚಿದರೆ ಅಡುಗೆಮನೆಯೆಲ್ಲ ಕತ್ತಲು. ನಾವಿರುವ ನೆದರ್ಲೆಂಡ್ಸ್‌ನಲ್ಲಿ ಈ ತಾಪತ್ರಯಕ್ಕೆ ಹಳೇ ಮದ್ದೊಂದಿದೆ: ಮೇಲಿನರ್ಧ, ಕೆಳಗಿನರ್ಧ ಬೇರೆಬೇರೆಯಾಗಿ ತೆರೆಯುವ ಬಾಗಿಲು. ಇಲ್ಲಿಯವರು ಬೂರೆನ್‌ಡ್ಯೂರ್ ಅನ್ನುತ್ತಾರೆ, ಅಂದರೆ ರೈತನ ಬಾಗಿಲು. ಕೋಳಿ, ಹಂದಿ ಒಳಗೆ ಬರಬಾರದು, ಕೂಸು ಹೊರಗೆ ಹೋಗಬಾರದು, ಬೆಳಕು ಮಾತ್ರ ಬರಬೇಕು.

ನನಗೆ ಇನ್ನೊಂದು ಆಸೆಯೂ ಇತ್ತು, ಹೆಂಡತಿಗೆ ಹೇಳಿರಲಿಲ್ಲ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 1645ರ ಒಂದು ತೈಲಚಿತ್ರವಿದೆ. ಅರ್ಧ ಬಾಗಿಲ ಹಿಂದೆ ನಿಂತ ಹುಡುಗಿ. ಮೇಲೆ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಸಹಿಯಿದ್ದರೂ, ಶಿಷ್ಯ ಸ್ಯಾಮುಯೆಲ್ ಫಾನ್ ಹೋಗ್‌ಸ್ಟ್ರಾಟೆನ್‌ನ ಕೈ ಅದರಲ್ಲಿರಬಹುದು ಎನ್ನುತ್ತಾರೆ ಬಲ್ಲವರು. ಅದನ್ನು ಎರಡು ಸಲ ನಕಲು ಮಾಡಲು ಕೂತು ಸೋತಿದ್ದೆ. ನನ್ನ ಹುಡುಗಿ ಬಾಗಿಲ ಹಿಂದೆ ನಿಂತಂತೆ ಕಾಣುತ್ತಿರಲಿಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಂತಿದ್ದಳು. ಅಂಥ ಬಾಗಿಲಿಗೆ ಒಮ್ಮೆ ನಾನೇ ಒರಗಿ ನಿಂತು ನೋಡಬೇಕಿತ್ತು.

ಕೆಲಸಕ್ಕೆ ಬರೋಣ. ಟೊಳ್ಳು ಬಾಗಿಲನ್ನು ಕೊಯ್ಯುವಂತಿಲ್ಲ. ಕೊಯ್ದ ಜಾಗದಲ್ಲಿ ಮರವೇ ಇರುವುದಿಲ್ಲ. ನಮ್ಮದು ಪುಣ್ಯಕ್ಕೆ ಗಟ್ಟಿ ಮರದ್ದು. ನನ್ನ ಮೊಳಕೈ ಊರುವಷ್ಟು ಎತ್ತರಕ್ಕೆ, 104 ಸೆಂಟಿಮೀಟರಿಗೆ ಗೆರೆ ಎಳೆದೆ. ಇದ್ದದ್ದು ಮೂರು ಬಿಜಾಗರಿ. ಅರ್ಧಕ್ಕೆ ಎರಡರಂತೆ ನಾಲ್ಕು ಬೇಕು. ಎರಡನ್ನೂ ಜೋಡಿಸಿ ಒಂದೇ ಬಾಗಿಲಾಗಿಸಲು ಒಳಗಡೆ ಒಂದು ಚಿಲಕ.

ಎಡವಿದ್ದು ಎರಡು ಹಲಗೆಗಳ ನಡುವಿನ ಸಂದಿನಲ್ಲಿ. ಮಳೆನೀರು ಒಳಗೆ ಇಳಿಯದಿರಲಿ ಎಂದು ಮೇಲಿನ ಹಲಗೆಗೆ ಹೊರಗಡೆಯಿಂದ ಒಂದು ಪಟ್ಟಿ ಬಡಿದು, ಅದು ಕೆಳಗಿನ ಹಲಗೆಯ ಮೇಲೆ ಎರಡು ಬೆರಳು ಇಳಿಯುವಂತೆ ಮಾಡಿದೆ. ಬಹಳ ಜಾಣತನ ಅಂದುಕೊಂಡೆ. ಬಾಗಿಲು ತೆರೆಯುವುದು ಒಳಕ್ಕೆ! ಮೇಲಿನದನ್ನು ಎಳೆದರೆ ಪಟ್ಟಿ ಕೆಳಗಿನದನ್ನೂ ಎಳೆದುಕೊಂಡೇ ಬಂತು. ಇಡೀ ದಿನ ದುಡಿದು ಮೊದಲಿನ ಬಾಗಿಲನ್ನೇ ಮತ್ತೆ ಮಾಡಿದ್ದೆ. ಪಟ್ಟಿಯನ್ನು ಕಿತ್ತು ಒಳಗಡೆಗೆ ಬಡಿದೆ. ಹೊರಗಡೆ ಸಂದಿಗಿಂತ ಮೇಲೆ, ನೀರು ಮುಂದಕ್ಕೆ ತೊಟ್ಟಿಕ್ಕುವಂತೆ ಇಳಿಜಾರಿನ ಸಣ್ಣ ಸೂರು ಕೂರಿಸಿದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಒರಗಿ ನಿಂತೆ. ಹೆಂಡತಿ ಅಂಗಳದಿಂದ ಫೋಟೋ ತೆಗೆದಳು. ಫೋಟೋ ನೋಡಿದಾಗ ನನ್ನ ನಕಲಿನ ತಪ್ಪು ಸಿಕ್ಕಿತು. ಒರಗಿದ ಕಡೆಯ ಭುಜ ಕಿವಿಯತ್ತ ಏರಿದೆ, ಮೈಭಾರವೆಲ್ಲ ಆ ತೋಳಿನ ಮೇಲೆ. ಕೆಳಗಿನ ಹಲಗೆ ಮುಚ್ಚಿರುವುದರಿಂದ ನೆಲದಿಂದ ಪುಟಿದು ಮೇಲೆ ಬರುವ ಬೆಳಕು ಇಲ್ಲ. ಮುಖ ಮತ್ತು ಕೈ ಮಾತ್ರ ಬೆಳಗಿ, ಬೆನ್ನ ಹಿಂದೆ ಅಡುಗೆಮನೆ ಮಸಿಯಂತಾಗಿದೆ. ನಾನು ಆ ಕತ್ತಲನ್ನು ಗುರುವಿನ ಶೈಲಿ ಎಂದುಕೊಂಡು ಬರಿದೇ ಕಪ್ಪು ಬಳಿಯುತ್ತಿದ್ದೆ. ಅದು ಬಾಗಿಲಿನ ಕೆಲಸ. ಅದೇ 1645ರಲ್ಲಿ ರೆಂಬ್ರಾಂಟ್ ಬರೆದ, ಲಂಡನ್ನಿನ ಡಲ್ವಿಚ್ ಚಿತ್ರಶಾಲೆಯಲ್ಲಿರುವ ಹುಡುಗಿಯೂ ಕಲ್ಲಿನ ಕಟ್ಟೆಗೆ ಹೀಗೇ ಒರಗಿದ್ದಾಳೆ. ಹಾರ್ಲೆಮ್‌ನ ಚಿತ್ರಕಾರ ಆಡ್ರಿಯಾನ್ ಫಾನ್ ಓಸ್ಟಾಡೆಯ, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಎಚ್ಚಿಂಗ್‌ನಲ್ಲಿ ಅರ್ಧ ಬಾಗಿಲಿಗೆ ಒರಗಿದ ರೈತನನ್ನು ಈಗ ನೋಡಿದರೆ ನಮ್ಮ ಬೀದಿಯವನೇ ಅನ್ನಿಸುತ್ತದೆ.

ಮೂರನೇ ನಕಲು ನಡೆಯುತ್ತಿದೆ. ಭುಜ ಸರಿಹೋಗಿದೆ, ಮುಖ ಇನ್ನೂ ಇಲ್ಲ.

ಮಗಳು ಮಾತ್ರ ಚಮಚಗಳನ್ನು ಒಂದೊಂದಾಗಿ ಬಾಗಿಲ ಮೇಲಿಂದ ಆಚೆ ಎಸೆಯುವುದನ್ನು ಕಲಿತಿದ್ದಾಳೆ. ಪಕ್ಕದ ಮನೆಯ ಅಜ್ಜ ಅವನ್ನು ಹೆಕ್ಕಿ ತಂದುಕೊಟ್ಟರು. ಒಳಗೆ ಬನ್ನಿ, ಕಾಫಿ ಕುಡಿಯೋಣ ಅಂದೆ. ಬರಲಿಲ್ಲ. ಎರಡೂ ಮೊಳಕೈ ಬಾಗಿಲ ಮೇಲೆ ಊರಿ, ಮುಕ್ಕಾಲು ಗಂಟೆ ಅಲ್ಲೇ ನಿಂತು ಮಾತಾಡಿದರು.